ಕಡತಗಳ ಕಾವಲು: ಕಂಪ್ಯೂಟರ್ ವ್ಯವಸ್ಥೆಯ ಹೊಣೆ ಎಷ್ಟು?

ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕೇಳುತ್ತದೆ. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಹಳೆಯ ಲ್ಯಾಪ್‌ಟಾಪುಗಳು ಇಲ್ಲಿಯೇ ಎಡವುತ್ತವೆ. ಹೊಸ ಯಂತ್ರ ಕೊಳ್ಳುವುದೋ, ಹಳೆಯದಕ್ಕೆ ಲಿನಕ್ಸ್ ಹಾಕುವುದೋ ಎಂಬ ಚರ್ಚೆಯಲ್ಲಿ ಲಿನಕ್ಸ್ ಪಕ್ಷದವರ ಮೊದಲ ವಾದ ಸುರಕ್ಷತೆ. ಆದರೆ ಹೊರಗಿನವರು ಒಳನುಗ್ಗದಂತೆ ತಡೆಯುವುದು ಒಂದು ಕೆಲಸ, ಇರುವ ಕಡತ ಕಳೆದುಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಈ ವಾದ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ.

ಮೊದಲ ಕೆಲಸದಲ್ಲಿ ವಾದಕ್ಕೆ ಹುರುಳಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಹೊಕ್ಕಿದ್ದು ವಿಂಡೋಸ್‌ನ ಒಂದು ದೋಷದ ಮೂಲಕ. ಹಾಗೆಂದು ತಪ್ಪನ್ನೆಲ್ಲ ವಿಂಡೋಸ್‌ನ ತಲೆಗೆ ಕಟ್ಟುವಂತಿಲ್ಲ: ಆ ದೋಷಕ್ಕೆ ತೇಪೆ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ, ಬಂದಿತ್ತು. ಅಪ್‌ಡೇಟ್ ಹಾಕದವರು ಸಿಕ್ಕಿಬಿದ್ದರು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಲಿನಕ್ಸ್‌ಗಿಂತ, ಅಪ್‌ಡೇಟ್ ತಪ್ಪಿಸದ ವಿಂಡೋಸ್ ವಾಸಿ.

ಎರಡನೆಯ ಕೆಲಸದಲ್ಲಿ ವಾದ ಕುಸಿಯುತ್ತದೆ. ವಿಂಡೋಸ್ ಇಲ್ಲಿ ಎಡವಿದ್ದು ನಿಜ: 2018ರ ಅಕ್ಟೋಬರ್‌ನ ವಿಂಡೋಸ್ 10 ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದನ್ನು ಹಿಂತೆಗೆದುಕೊಂಡು ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗ. ಆದರೆ ಲಿನಕ್ಸ್ ಕೂಡ ಕಡತಗಳನ್ನು ತಾನಾಗಿ ಕಾಯುವುದಿಲ್ಲ. ಅದರ ಒಂದು ರೂಪವಾದ ಲಿನಕ್ಸ್ ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವಿದೆ. ಹೊಸಬರು ಇದನ್ನೇ ಬ್ಯಾಕಪ್ ಎಂದು ನಂಬುತ್ತಾರೆ. ಅದು ಉಳಿಸುವುದು ವ್ಯವಸ್ಥೆಯ ಕಡತಗಳನ್ನು, ಬಳಕೆದಾರರ ಹೋಮ್ ಫೋಲ್ಡರನ್ನು ತಾನಾಗಿ ಮುಟ್ಟುವುದಿಲ್ಲ. ಮ್ಯಾಕ್‌ನ ಟೈಮ್ ಮಷೀನ್ 2007ರಿಂದಲೂ ಈ ವಿಷಯದಲ್ಲಿ ಮುಂದಿದೆ, ಆದರೆ ಬೇರೆ ಡಿಸ್ಕ್ ಜೋಡಿಸಿದರೆ ಮಾತ್ರ. ಕ್ಲೌಡ್ ಡ್ರೈವ್‌ಗಳ ಜೊತೆ ಸಿಂಕ್ ಮಾಡಿಟ್ಟಿದ್ದೇವೆ ಎಂಬ ಧೈರ್ಯವೂ ಅರೆಬರೆಯದು: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ ಉಳಿಯುವುದು ಕೆಲವು ದಿನ ಮಾತ್ರ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ 3-2-1 ಸೂತ್ರ ಯಾವ ವ್ಯವಸ್ಥೆಗೂ ಒಗ್ಗುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಾಚೆ. ಸದಾ ಸಿಕ್ಕಿಸಿಯೇ ಇಟ್ಟ ಹಾರ್ಡ್‌ಡಿಸ್ಕಿಗೂ ವಾನಾಕ್ರೈನಂಥದ್ದು ಬೀಗ ಹಾಕಬಲ್ಲದು. ಪ್ರತಿ ತೆಗೆದ ಮೇಲೆ ಬಿಚ್ಚಿಡುವುದು ಮೇಲು.

ಕೀಲಿಯಿಲ್ಲದವರು ಡಿಸ್ಕ್ ಓದದಂತೆ ಮಾಡುವ ಗೂಢಲಿಪೀಕರಣದ ಲಾಭ ಲ್ಯಾಪ್‌ಟಾಪ್ ಕಳುವಾದಾಗ ತಿಳಿಯುತ್ತದೆ. ಆದರೆ ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ಬಿಟ್‌ಲಾಕರ್ ರಿಕವರಿ ಕೀ ಕೇಳಿದಾಗ, ಅದನ್ನು ಕಳೆದುಕೊಂಡ ಮಾಲೀಕನೂ ಕಳ್ಳನಷ್ಟೇ ಹೊರಗಿನವ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳಲ್ಲಿ ಅನೇಕವು ಯೂನಿಕೋಡ್‌ನಲ್ಲಿಲ್ಲ. ಅಕ್ಷರದ ರೂಪವೆಲ್ಲ ಫಾಂಟಿನ ಕೈಯಲ್ಲಿದೆ. ಆ ಫಾಂಟಿಲ್ಲದ ಲಿನಕ್ಸ್ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಲಿಪಿಯ ಕಲಸುಮೇಲೋಗರ. ಕಡತಕ್ಕೆ ಒಂದು ಬೈಟೂ ನಷ್ಟವಾಗಿಲ್ಲ, ಓದಲು ಮಾತ್ರ ಬರುವುದಿಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಆದರೂ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ವಿಂಡೋಸ್ ಅಳಿಸುವ ಮೊದಲೇ ಇವನ್ನು ಯೂನಿಕೋಡ್‌ಗೆ ತಂದು, ಸಾಲು ಸಾಲಾಗಿ ಓದಿ ನೋಡಬೇಕು. ಮೂಲ ಕಡತವನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಉಳಿಸಿಕೊಂಡಿದ್ದರೆ, ಸಂಶಯ ಬಂದ ಪದವನ್ನು ಮುಂದೆಯೂ ತಾಳೆ ನೋಡಬಹುದು.