ವಾಕ್ಯದ ಅರ್ಧ ನುಂಗಿದವರು

ಕೇರಿಗೆ ನೀರು ಬರಲಿಲ್ಲ ಅಂತಲೋ, ಸ್ಮಶಾನಕ್ಕೆ ಜಾಗ ಇಲ್ಲ ಅಂತಲೋ ನಮ್ಮ ಜನ ಕಛೇರಿ ಮುಂದೆ ಧರಣಿ ಕೂತಾಗಲೆಲ್ಲ ಒಬ್ಬರು ಬುದ್ಧಿ ಹೇಳೋಕೆ ಬರ್ತಾರೆ. ಅವರು ಅಧಿಕಾರಿ ಆಗಿರಬಹುದು, ಪತ್ರಿಕೆಗೆ ಬರೆಯೋ ಪಂಡಿತರಾಗಿರಬಹುದು. 'ಸತ್ಯಾಗ್ರಹ ಅನ್ನೋದು ಅರಾಜಕತೆಯ ವ್ಯಾಕರಣ ಅಂತ ನಿಮ್ಮ ಅಂಬೇಡ್ಕರರೇ ಹೇಳಿದಾರಲ್ರಪ್ಪಾ, ಎದ್ದು ಮನೆಗೆ ಹೋಗಿ' ಅಂತಾರೆ. ಕೂತವರು ಮುಖ ಮುಖ ನೋಡ್ಕೊಳ್ತಾರೆ. ವರ್ಷವಿಡೀ ಬಾಬಾಸಾಹೇಬರ ಒಂದು ಪುಟ ತೆರೆಯದವರು ಆವತ್ತು ಮಾತ್ರ ಅವರನ್ನು ಲಾಠಿಯ ಹಾಗೆ ಹಿಡಿದು ಬರ್ತಾರೆ.

ಆ ಭಾಷಣವನ್ನು ನಾವೇ ಓದೋಣ. ವಿಮರ್ಶೆ ಇರೋದು ಕಥೆ ಕವಿತೆಗೆ ಮಾತ್ರ ಅಂತ ಯಾರು ಹೇಳಿದರು? ನಮ್ಮ ಬಾಯಿ ಮುಚ್ಚಿಸೋಕೆ ಬಳಸುವ ಮಾತನ್ನು ಬಿಡಿಸಿ ನೋಡುವುದೂ ವಿಮರ್ಶೆಯೇ.

ಅದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತು. ಮರುದಿನ ಸಂವಿಧಾನ ಅಂಗೀಕಾರವಾಯಿತು. ಅದರಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆಗಳು ಮೂರು. ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಕೈಬಿಡಬೇಕು ಅನ್ನೋದು ಮೊದಲನೆಯದು. ಎಷ್ಟೇ ದೊಡ್ಡವನಾದರೂ ಒಬ್ಬ ನಾಯಕನ ಪಾದಕ್ಕೆ ಸ್ವಾತಂತ್ರ್ಯವನ್ನು ಒಪ್ಪಿಸಬಾರದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಅನ್ನೋದು ಎರಡನೆಯದು. ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಅನ್ನುವ ವೈರುಧ್ಯ ಬೇಗ ಹೋಗದಿದ್ದರೆ ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸಿಯಾರು ಅನ್ನೋದು ಮೂರನೆಯದು. ಬುದ್ಧಿ ಹೇಳುವವರ ಬಾಯಲ್ಲಿ ಎರಡು, ಮೂರು ಬರೋದೇ ಇಲ್ಲ. ಮೊದಲನೆಯದೂ ಪೂರ್ತಿ ಬರೋದಿಲ್ಲ.

ಯಾಕೆಂದರೆ ಅದಕ್ಕೊಂದು ಷರತ್ತಿದೆ. ಸಂವಿಧಾನದ ದಾರಿಗಳು ತೆರೆದಿರುವಾಗ ಬೇರೆ ದಾರಿಗೆ ಸಮರ್ಥನೆ ಇಲ್ಲ ಅನ್ನೋದು ಅಲ್ಲಿನ ಮಾತು. ಆ ದಾರಿಗಳು ಇಲ್ಲದಿದ್ದ ಕಾಲದಲ್ಲಿ ಸತ್ಯಾಗ್ರಹಕ್ಕೆ ಸಮರ್ಥನೆ ಇತ್ತು ಅಂತಲೂ ಅವರೇ ಒಪ್ಪುತ್ತಾರೆ. 'ತೆರೆದಿರುವಾಗ' ಅನ್ನೋ ಪದವನ್ನು ನುಂಗಿ ಉಳಿದದ್ದನ್ನು ಒದರಿದರೆ ಅದು ಅಂಬೇಡ್ಕರರ ಮಾತಾಗುವುದಿಲ್ಲ. ಅದು ಯಜಮಾನರ ಮಾತು.

ಈ ಷರತ್ತನ್ನು ಅವರು ಮೊದಲೇ ಬದುಕಿ ತೋರಿಸಿದ್ದರು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದು ಅಂತ ಬೊಂಬಾಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಹೂಂ ಅಂದಿತ್ತು. ಕಾಗದ ಒದ್ದೆಯಾಗಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನ ಚೌದಾರ್ ಕೆರೆಗೆ ನಡೆದು ನೀರು ಕುಡಿದರು. ಸರ್ಕಾರದ ನಿರ್ಣಯವನ್ನು ಜಾರಿಗೆ ತಂದದ್ದು ಅವರ ಬೊಗಸೆ. ಅದಕ್ಕೆ ಸಿಕ್ಕಿದ್ದು ಸವರ್ಣೀಯರ ದೊಣ್ಣೆ ಏಟು. ಅದೇ ಡಿಸೆಂಬರಿನಲ್ಲಿ ಮತ್ತೆ ಹೊರಟಾಗ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಸಿಟ್ಟಾಗಿದ್ದ ಜನರನ್ನು ಒಪ್ಪಿಸಿ ಬಾಬಾಸಾಹೇಬರು ಸತ್ಯಾಗ್ರಹ ನಿಲ್ಲಿಸಿದರು. ಕೋರ್ಟಿನ ಬಾಗಿಲು ತೆರೆದಿತ್ತು, ಹೋದರು. ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ. ಒಂದು ಗುಟುಕು ನೀರಿಗೆ ಹತ್ತು ವರ್ಷ! ಇಷ್ಟು ತಾಳ್ಮೆ ಇದ್ದ ಮನುಷ್ಯನ ಮಾತನ್ನು ತಾಳ್ಮೆಗೆಟ್ಟ ಪೊಲೀಸು ವ್ಯಾನಿನ ಮೇಲೆ ಬರೆಯೋದು ಸರಿಯಾ?

ಇನ್ನು ಎರಡನೇ ಎಚ್ಚರಿಕೆ. 1975ರಲ್ಲಿ ಅದು ನಿಜವಾಯಿತು. ಒಬ್ಬ ನಾಯಕಿಯೇ ದೇಶ ಅನ್ನೋ ಭಟ್ಟಂಗಿಗಳ ನಡುವೆ ತುರ್ತು ಪರಿಸ್ಥಿತಿ ಬಂತು, ಅದೂ ಸಂವಿಧಾನದ ವಿಧಿ ಹಿಡಿದುಕೊಂಡೇ. ದಾರಿಗಳನ್ನು ಮುಚ್ಚಿದ್ದು ಬೀದಿಯ ಜನ ಅಲ್ಲ, ಸರ್ಕಾರ. ವಿರೋಧ ಪಕ್ಷದ ದೊಡ್ಡ ನಾಯಕರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಆ ಜೈಲು ಮುಂದೆ ಫ್ರೀಡಂ ಪಾರ್ಕ್ ಆಯಿತು. 2021ರಲ್ಲಿ ಪೊಲೀಸು ಆದೇಶ ಹೊರಟಿತು: ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡೋದಾದರೆ ಆ ಪಾರ್ಕಿನಲ್ಲೇ ಮಾಡಿ. ಹಿಂದೆ ಎದುರು ಮಾತಾಡಿದವರನ್ನು ಹಿಡಿದು ಜೈಲಿಗೆ ಒಯ್ದರು. ಈಗ ಎದುರು ಮಾತಾಡೋರು ತಾವೇ ಹಳೇ ಜೈಲಿನ ಅಂಗಳಕ್ಕೆ ನಡೆದು ಹೋಗಬೇಕು.

ಮೂರನೆಯದಕ್ಕೆ 2018 ಸಾಕ್ಷಿ. ದೌರ್ಜನ್ಯ ತಡೆ ಕಾಯ್ದೆಯ ಬಲ ಕುಗ್ಗಿಸುವ ತೀರ್ಪು ಮಾರ್ಚ್ 20ರಂದು ಸುಪ್ರೀಂ ಕೋರ್ಟಿನಿಂದ ಬಂತು. ಮಹಾಡಿನ ದಿನವೇ ಅದು. ಏಪ್ರಿಲ್ 2ರಂದು ಭಾರತ್ ಬಂದ್. ಮಧ್ಯಪ್ರದೇಶ ಮೊದಲಾದ ಕಡೆ ಹೆಣ ಬಿದ್ದವು. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯ್ದೆ ತಿದ್ದಿ ಬಲ ವಾಪಸ್ ಕೊಟ್ಟಿತು. 2020ರಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬೀದಿ ಕೂಗದೆ ಇದ್ದಿದ್ದರೆ ಪಾರ್ಲಿಮೆಂಟಿಗೆ ಕಿವಿ ಬರ್ತಿತ್ತಾ?

ಆದರೆ ಗೆಳೆಯರೇ, ನಮ್ಮನ್ನೂ ಒರೆಗೆ ಹಚ್ಚಿಕೊಳ್ಳಬೇಕು. ಬೀದಿಗಿಳಿದವರೆಲ್ಲ ನಮ್ಮವರಲ್ಲ. ಬೀದಿಗೂ ಜಾತಿಯಿದೆ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಮೇಲ್ಜಾತಿಯ ಹುಡುಗರೂ ಘೋಷಣೆ ಕೂಗಿಕೊಂಡೇ ಬೀದಿಗೆ ಬಂದರು. ದಲಿತ ವಿದ್ಯಾರ್ಥಿಗಳಿಗೆ ಹೊಡೆದರು. ಒಬ್ಬ ದಲಿತ ಮಂತ್ರಿಯ ಕುರ್ಚಿ ಹೋಯಿತು. ಸಂಖ್ಯೆ ಇದ್ದವರ ಗದ್ದಲವೇ ನ್ಯಾಯ ಅಂತಾದರೆ ಮೊದಲು ಉರಿಯೋದು ನಮ್ಮ ಕೇರಿಯೇ. ಬಾಬಾಸಾಹೇಬರ ಮೊದಲ ಎಚ್ಚರಿಕೆ ನಮಗೂ ಬೇಕಾಗಿರೋದು ಇದಕ್ಕೇ. ಅದನ್ನು ಎಸೆಯುವುದು ಬೇಡ, ಷರತ್ತಿನ ಸಮೇತ ಇಟ್ಟುಕೊಳ್ಳೋಣ.

ಮೇಷ್ಟರುಗಳಿಗೆ ಒಂದು ಮಾತು. ನವೆಂಬರ್ 26ಕ್ಕೆ ಮಕ್ಕಳ ಕೈಲಿ ಪೀಠಿಕೆ ಓದಿಸ್ತೀರಿ, ಒಳ್ಳೇದು. ಹಿಂದಿನ ದಿನದ ಭಾಷಣವನ್ನೂ ಓದಿಸಿ, ಮೂರೂ ಎಚ್ಚರಿಕೆಗಳನ್ನು ಓದಿಸಿ. ನಾಳೆ ಆ ಮಗು ಧರಣಿಯಲ್ಲಿ ಕೂತಾಗ ಯಾರಾದರೂ ಬುದ್ಧಿ ಹೇಳೋಕೆ ಬಂದರೆ, ಎದ್ದು ನಿಂತು ಕೇಳಲಿ: 'ಸಾರ್, ಆ ವಾಕ್ಯದ ಇನ್ನರ್ಧ ಎಲ್ಲಿ?'