ಕೋನ್ ಬಿಗಿದು ಮುಚ್ಚಿಟ್ಟ ಸವೆತ

ತೆಲಂಗಾಣದ ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ಶೇಂಗಾ ಹೆಚ್ಚಾಗಿ ಹಿಂಗಾರಿನದು. ಅದು ಬೆಳೆಯುವುದು ಮರಳು ಮಿಶ್ರಿತ ಕೆಂಪು ನೆಲದಲ್ಲಿ. ಕಿತ್ತು ಒಣಗಿಸಿ, ತೂರಿ, ಸಿಪ್ಪೆ ಒಡೆದ ಮೇಲೂ ಕಾಳಿನ ಸಂಗಡ ಒಂದಿಷ್ಟು ಮರಳು ಗಿರಣಿಗೆ ಬಂದೇ ಬರುತ್ತದೆ. ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರಿನೊಳಗೆ ಟನ್‌ಗಟ್ಟಲೆ ಒತ್ತಡಕ್ಕೆ ಸಿಕ್ಕಾಗ ಆ ಮರಳು ಉಕ್ಕನ್ನು ಉಜ್ಜಿ ತಿನ್ನುತ್ತದೆ. ಕಾಳು ತಳ್ಳುವ ಸುರುಳಿ ಭಾಗವಾದ ವರ್ಮ್ ಸವೆಯುವುದನ್ನು ಯಾರೂ ತಪ್ಪಿಸಲಾರರು. ಸವೆತವನ್ನು ನಾವು ನೋಡುವ, ಅದಕ್ಕಿಂತ ಹೆಚ್ಚಾಗಿ ನೋಡದೇ ಇರುವ ರೀತಿಯ ಬಗ್ಗೆ ನನ್ನ ತಕರಾರು. ಸಣ್ಣ ಗಿರಣಿಗಳಲ್ಲಿ ಎಣ್ಣೆ ಇಳಿಮುಖವಾಯಿತೆಂದರೆ ಕೈ ಮೊದಲು ಹೋಗುವುದು ಹಿಂಡಿ ಹೊರಬರುವ ತುದಿಯ ಕೋನಿಗೆ. ಅದನ್ನು ಒಂದು ಸುತ್ತು ಬಿಗಿದರೆ ಹಿಂಡಿ ತೆಳುವಾಗುತ್ತದೆ, ಎಣ್ಣೆ ಸ್ವಲ್ಪ ಏರುತ್ತದೆ, ಕೆಲಸ ನಡೆಯುತ್ತದೆ. ಈ ರೂಢಿ ದುರಸ್ತಿಯಲ್ಲ, ಸವೆತವನ್ನು ಮರೆಮಾಚುವ ಕ್ರಮ ಎಂಬುದು ನನ್ನ ವಾದ.

ಯಂತ್ರದ ಒಳಗೆ ನಡೆಯುವುದನ್ನು ನೋಡಿದರೆ ಇದು ತಿಳಿಯುತ್ತದೆ. 1900ರಲ್ಲಿ ಅಮೆರಿಕದ ವಲೇರಿಯಸ್ ಆಂಡರ್ಸನ್ ಪೇಟೆಂಟ್ ಪಡೆದ ಎಕ್ಸ್‌ಪೆಲ್ಲರಿನ ತತ್ವವೇ ಇಂದಿಗೂ ನಡೆದಿದೆ: ಶಾಫ್ಟಿನ ಮೇಲೆ ಸಾಲಾಗಿ ಕೂತ ವರ್ಮ್‌ಗಳು ಕಾಳನ್ನು ಮುಂದೆ ತಳ್ಳುತ್ತವೆ, ಮುಂದೆ ಹೋದಂತೆ ಜಾಗ ಕಿರಿದಾಗುತ್ತದೆ, ಹಿಂಡಿದ ಎಣ್ಣೆ ಸುತ್ತಲಿನ ಬ್ಯಾರೆಲ್ಲಿನ ಉಕ್ಕಿನ ಪಟ್ಟಿಗಳ ಸಂದಿಯಿಂದ ಸೋರುತ್ತದೆ. ಒತ್ತಡ ಕೊನೆಯ ಭಾಗದಲ್ಲಿ ಹೆಚ್ಚು, ಹಾಗಾಗಿ ಕೊನೆಯ ಎರಡು ಮೂರು ವರ್ಮ್‌ಗಳೇ ಮೊದಲು ಸವೆಯುತ್ತವೆ. ಅಂಥ ಒಂದು ವರ್ಮನ್ನು ಕೈಯಲ್ಲಿ ಹಿಡಿದು ನೋಡಬೇಕು. ತಳ್ಳುವ ಮುಖ ಕನ್ನಡಿಯಂತೆ ಮಿಂಚುತ್ತದೆ, ಚೌಕವಾಗಿ ಇರಬೇಕಾದ ಅಂಚು ದುಂಡಗಾಗಿದೆ, ಕೆಲವು ಕಡೆ ಕುಡುಗೋಲಿನಷ್ಟು ತೆಳ್ಳಗಾಗಿದೆ. ಹೀಗಾದ ಮೇಲೆ ಕಾಳು ಅಂಚಿನ ಮೇಲಿಂದ ಹಿಂದಕ್ಕೆ ಜಾರುತ್ತದೆ. ಕೋನ್ ಬಿಗಿದರೆ ಈ ಜಾರುವಿಕೆ ನಿಲ್ಲುವುದಿಲ್ಲ, ಬದಲಿಗೆ ಹೆಚ್ಚುತ್ತದೆ. ಕಾಳು ಅಲ್ಲೇ ತಿರುಗಿ ಕಾಯುತ್ತದೆ, ಹಿಂಡಿ ಕಪ್ಪಗಾಗುತ್ತದೆ, ಪಟ್ಟಿಗಳ ಸಂದಿಯಿಂದ ಎಣ್ಣೆಗಿಂತ ಗಸಿಯೇ ಹೆಚ್ಚು ಬರುತ್ತದೆ. ಶಾಫ್ಟಿನ ಹಿಂದಿನ ಥ್ರಸ್ಟ್ ಬೇರಿಂಗ್ ಮೇಲೂ ಭಾರ ಏರುತ್ತದೆ. ಒಂದು ವರ್ಮ್ ಬದಲಿಸಿದ್ದರೆ ಮುಗಿಯುತ್ತಿದ್ದ ಖರ್ಚು ಕೊನೆಗೆ ಬೇರಿಂಗಿಗೂ ಗೇರ್ ಬಾಕ್ಸಿಗೂ ಹೋಗಿ ಮುಟ್ಟುತ್ತದೆ.

ನಷ್ಟ ಎಷ್ಟೆಂದು ಲೆಕ್ಕ ಹಾಕೋಣ. ಶೇಕಡಾ 48 ಎಣ್ಣೆ ಇರುವ ಒಂದು ಕ್ವಿಂಟಲ್ ಶೇಂಗಾ ಬೀಜ ಎಂದುಕೊಳ್ಳಿ. ಹಿಂಡಿಯಲ್ಲಿ ಶೇಕಡಾ 7 ಎಣ್ಣೆ ಉಳಿದರೆ ಸುಮಾರು 4 ಕಿಲೋ ಹಿಂಡಿಯ ಪಾಲು. ಸವೆದ ಯಂತ್ರದಲ್ಲಿ ಅದು ಶೇಕಡಾ 10 ಆದರೆ ಸುಮಾರು 6 ಕಿಲೋ. ದಿನಕ್ಕೆ 10 ಕ್ವಿಂಟಲ್ ಹಿಂಡುವ ಗಿರಣಿಯಲ್ಲಿ 15 ಕಿಲೋದ ಒಂದು ಡಬ್ಬಿ ತುಂಬಿ ಮಿಗುವಷ್ಟು ಎಣ್ಣೆ ದಿನವೂ ಹಿಂಡಿಯ ಚೀಲ ಸೇರುತ್ತದೆ. ಆ ಎಣ್ಣೆ ಹಾಳಾಗಲಿಲ್ಲ, ಹಿಂಡಿಯನ್ನು ಸಾಲ್ವೆಂಟ್ ಕಾರ್ಖಾನೆಯವರು ಎಣ್ಣೆಯ ಅಂಶ ನೋಡಿಯೇ ಕೊಳ್ಳುತ್ತಾರಲ್ಲ ಎಂದು ಕೇಳಬಹುದು. ಕೊಳ್ಳುತ್ತಾರೆ, ಆದರೆ ಡಬ್ಬಿಯ ಎಣ್ಣೆಯ ದರಕ್ಕಲ್ಲ. ಎಮ್ಮೆಗೆ ಹಾಕಲು ಒಯ್ಯುವವರಂತೂ ತೂಕಕ್ಕೆ ಕೊಡುತ್ತಾರೆ, ಅಂಶಕ್ಕಲ್ಲ. ಎಣ್ಣೆ ಹೆಚ್ಚಿದ ಹಿಂಡಿ ಬೇಗ ಕಮಟುತ್ತದೆ ಕೂಡ.

ನನ್ನನ್ನು ಹೆಚ್ಚು ಕಾಡುವುದು ಕೂಲಿಗೆ ಹಿಂಡಿಕೊಡುವ ಗಿರಣಿಗಳ ವಿಷಯ. ರೈತ ತನ್ನದೇ ಕಾಳು ತರುತ್ತಾನೆ, ಎಣ್ಣೆ ಅವನದು, ಕೂಲಿ ತೂಕದ ಮೇಲೆ. ಅಲ್ಲಿ ವರ್ಮ್ ಸವೆದರೆ ನಷ್ಟ ಗಿರಣಿಯವರಿಗಲ್ಲ, ಕಾಳು ತಂದವನಿಗೆ. ಹಿಂಡಿಯನ್ನೇ ಕೂಲಿಯಾಗಿ ಹಿಡಿದುಕೊಳ್ಳುವ ಕಡೆ ಸವೆದ ಯಂತ್ರ ಮಾಲೀಕರಿಗೆ ಲಾಭವನ್ನೇ ತರುತ್ತದೆ. ಯಾರೂ ಬೇಕೆಂದೇ ಮೋಸ ಮಾಡಬೇಕಾಗಿಲ್ಲ, ಬಿಚ್ಚಿ ನೋಡದಿದ್ದರೆ ಸಾಕು. ಆದ್ದರಿಂದ ತಪಾಸಣೆಯನ್ನು ಬರೀ ಯಂತ್ರದ ಆರೈಕೆ ಎನ್ನಲು ನಾನು ಒಪ್ಪುವುದಿಲ್ಲ. ತೂಕದ ಕಲ್ಲು ಸರಿಯಿದೆಯೇ ಎಂದು ನೋಡುವಷ್ಟೇ ಅದು ನ್ಯಾಯದ ಮಾತು.

ಅನುಭವಿ ಮಿಸ್ತ್ರಿಗೆ ಸದ್ದಿನಿಂದಲೇ ಎಲ್ಲ ಗೊತ್ತಾಗುತ್ತದೆ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿಂಡಿಯ ಚೂರನ್ನು ಮುರಿದು, ಚಟ್ಟನೆ ಮುರಿಯಿತೇ ಬಾಗಿತೇ, ಬೆರಳಿಗೆ ಜಿಡ್ಡು ಹತ್ತಿತೇ ಎಂದು ನೋಡುವ ಅವರ ಪರೀಕ್ಷೆ ಒಳ್ಳೆಯದೇ. ಆದರೆ ಸವೆತ ನಿಧಾನ. ದಿನವೂ ಕೇಳುವ ಕಿವಿ ದಿನಕ್ಕಿಷ್ಟು ಬದಲಾಗುವ ಸದ್ದಿಗೆ ಒಗ್ಗಿಬಿಡುತ್ತದೆ. ಹೊಸ ವರ್ಮಿನ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟು, ಕ್ಯಾಲಿಪರ್ ಹಿಡಿದು ಹೋಲಿಸಿದರೆ ಮಾತ್ರ ಎಷ್ಟು ಹೋಗಿದೆ ಎಂಬುದು ತಿಳಿಯುತ್ತದೆ. ಪಟ್ಟಿಗಳ ಸಂದಿಗೂ ಫೀಲರ್ ಗೇಜ್ ಬೇಕು, ಮಿಲಿಮೀಟರಿನೊಳಗಿನ ಆ ಸಂದನ್ನು ಕಣ್ಣು ಅಳೆಯಲಾರದು.

ವೆಲ್ಡಿಂಗ್ ಮಾಡಿ ವರ್ಮ್ ತುಂಬಿಸುವುದು ಅಗ್ಗ, ಗಟ್ಟಿ ರಾಡ್ ಬಳಸಿದರೆ ಬಾಳಿಕೆಯೂ ಇದೆ. ಅದನ್ನು ಬೇಡವೆನ್ನುವುದಿಲ್ಲ. ಆದರೆ ಅಂದಾಜಿನಲ್ಲಿ ತುಂಬಿಸಿದ ವರ್ಮ್ ಹೆಚ್ಚಾದರೆ ಪಟ್ಟಿಗೆ ಉಜ್ಜುತ್ತದೆ. ಗಂಟುಗಂಟಾಗಿ ಬಿಟ್ಟರೆ ಹಿಂಡಿ ಅಂಟಿಕೊಂಡು ಮುಂದೆ ಸರಿಯದೆ ಶಾಫ್ಟಿನ ಜೊತೆಗೇ ತಿರುಗುತ್ತದೆ. ಹೊಸ ವರ್ಮಿನ ಮೈಗೆ ಹಿಡಿದು ಕತ್ತರಿಸಿದ ತಗಡಿನ ಅಚ್ಚೊಂದು ವೆಲ್ಡರ್ ಬಳಿ ಇದ್ದರೆ ಈ ತೊಂದರೆ ಬಹುಪಾಲು ಇರುವುದಿಲ್ಲ.

ಹಂಗಾಮಿನಲ್ಲಿ ಯಂತ್ರ ನಿಲ್ಲಿಸುವುದು ಕಷ್ಟವೆಂಬುದು ನಿಜ. ಆದರೆ ಹಂಗಾಮು ವರ್ಷವಿಡೀ ಇರುವುದಿಲ್ಲ. ಬಿಡಿಭಾಗ ಸಿಗುವ ಊರು ದೂರ ಎಂಬ ಮಾತೂ ನಿಲ್ಲದು: ಮಖ್ತಲ್‌ನಿಂದ ರಾಯಚೂರಿಗೆ ಹೆದ್ದಾರಿ ಇದೆ, 1956ರ ತನಕ ರಾಯಚೂರು ಜಿಲ್ಲೆಗೇ ಸೇರಿದ್ದ ಗದ್ವಾಲದಿಂದ ಈಗ ರೈಲೂ ಇದೆ. ಕುಂಟೆಯ ಕುಡವನ್ನು ಮಳೆಗೆ ಮೊದಲೇ ಕಮ್ಮಾರನಲ್ಲಿಗೆ ಒಯ್ದು ಬಡಿಸುವ ಊರುಗಳಿವು, ಹೊಲದ ನಡುವೆ ಕುಡ ಮುರಿಯಲಿ ಎಂದು ಯಾರೂ ಕಾಯುವುದಿಲ್ಲ. ಕೊನೆಯ ಲೋಡ್ ಮುಗಿದ ದಿನ, ಒಳಗಿನ ಹಿಂಡಿ ಗಟ್ಟಿಯಾಗಿ ಹಿಡಿಯುವ ಮೊದಲೇ ಬ್ಯಾರೆಲ್ ಬಿಚ್ಚಿ, ಕೊನೆಯ ಮೂರು ವರ್ಮ್‌ಗಳನ್ನು ಒರೆಸಿ ಅಳೆದು ತಾರೀಖು ಬರೆದಿಟ್ಟರೆ, ಮುಂದಿನ ಶೇಂಗಾ ಬರುವ ಹೊತ್ತಿಗೆ ಏನು ತರಬೇಕು ಎಂಬ ಚೀಟಿ ಆಗಲೇ ಸಿದ್ಧವಿರುತ್ತದೆ.