1500 ಕೆ.ಜಿ. ಅಂತ ಬರೆದಿದೆಯಲ್ಲ!

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಕಡೆಯ ಗೋದಾಮುಗಳಲ್ಲಿ ಎಲೆಕ್ಟ್ರಿಕ್ ಸ್ಟ್ಯಾಕರ್ ಈಗ ಹೊಸತೇನಲ್ಲ. ಆಪರೇಟರ್ ಹತ್ತಿ ಕೂರುವುದಿಲ್ಲ. ಹಿಡಿಕೆ ಹಿಡಿದು ಜೊತೆಗೇ ನಡೆಯುತ್ತಾನೆ. ಎಳೆಯುವ ಕೆಲಸ, ಎತ್ತುವ ಕೆಲಸ ಎರಡೂ ಬ್ಯಾಟರಿಯದು. ಯಂತ್ರದ ಮೈಮೇಲೆ ಒಂದು ಪುಟ್ಟ ಫಲಕ ಬಡಿದಿರುತ್ತಾರೆ. ಕೊಳ್ಳುವವರು ಅದರ ಮೊದಲ ಸಾಲನ್ನು ಓದಿ ಚೆಕ್ ಬರೆಯುತ್ತಾರೆ. ಉಳಿದ ಸಾಲುಗಳೆಲ್ಲ ಆ ಮೊದಲ ಸಾಲಿಗೆ ಹಾಕಿದ ಷರತ್ತುಗಳು ಎಂಬುದು ಆಮೇಲೆ ಗೊತ್ತಾಗುತ್ತದೆ. ಒಂದು ಮಾದರಿ ಫಲಕವನ್ನು ಇಟ್ಟುಕೊಂಡು ಓದೋಣ. ಅಂಕಿಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ, ಒಂದು ಸಾಲು ಇನ್ನೊಂದನ್ನು ಕಟ್ಟಿಹಾಕುವ ರೀತಿ ಮಾತ್ರ ಎಲ್ಲ ಕಡೆಯೂ ಒಂದೇ.

“ರೇಟೆಡ್ ಕೆಪಾಸಿಟಿ: 1500 ಕೆ.ಜಿ.”

25 ಕೆ.ಜಿ. ಅಕ್ಕಿ ಚೀಲವಾದರೆ 60 ಎಂದು ಮೇಸ್ತ್ರಿ ಬಾಯಿಲೆಕ್ಕ ಹಾಕುತ್ತಾನೆ. ಲೆಕ್ಕ ಅಲ್ಲೇ ತಪ್ಪಿತು. ಚೀಲಗಳ ಅಡಿಗಿರುವ ಮರದ ಪ್ಯಾಲೆಟ್ಟಿನ ತೂಕವೇ 20-25 ಕೆ.ಜಿ. ಇರುತ್ತದೆ, ಅದೂ ಈ 1500ರ ಒಳಗೇ ಬರಬೇಕು. ನೆಲ ಬಿಟ್ಟು ಏಳುವ ಮೊದಲೇ ಮಿತಿ ದಾಟಿಯಾಯಿತು.

“ಲೋಡ್ ಸೆಂಟರ್: 600 ಮಿ.ಮೀ.”

ಪ್ಯಾಲೆಟ್ಟಿನೊಳಗೆ ತೂರುವ ಫೋರ್ಕಿನ ಬುಡದಿಂದ, ಅಂದರೆ ಅದು ಮೇಲಕ್ಕೆ ಮಡಚಿರುವ ಮುಖದಿಂದ, ಸರಕಿನ ಗುರುತ್ವಕೇಂದ್ರಕ್ಕೆ ಇರುವ ದೂರ ಇದು. 1200 ಮಿ.ಮೀ. ಉದ್ದದ ಪ್ಯಾಲೆಟ್ ಮೇಲೆ ಚೀಲಗಳನ್ನು ಸಮನಾಗಿ ಜೋಡಿಸಿ ಬುಡಕ್ಕೆ ತಾಗಿಸಿದರೆ ಗುರುತ್ವಕೇಂದ್ರ ಸರಿಯಾಗಿ ನಡುವೆ, 600ಕ್ಕೆ ಬೀಳುತ್ತದೆ. 600 ಎಂಬ ಅಂಕಿ ಬಂದದ್ದೇ ಹಾಗೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಒಂದು ಭಾರ, ಕೈ ಚಾಚಿ ಹಿಡಿದರೆ ಇನ್ನೊಂದು ಭಾರ. ಒಂದು ಬದಿ ಮೋಟರ್, ಇನ್ನೊಂದು ಬದಿ ಬರೀ ಖಾಲಿ ಜಾಗ ಇರುವ ಯಂತ್ರದ ಪೆಟ್ಟಿಗೆ ಬಂತೆನ್ನಿ. ಮೋಟರ್ ಬದಿ ಹೊರಗಿರುವಂತೆ ಎತ್ತಿಕೊಂಡರೆ ಗುರುತ್ವಕೇಂದ್ರ 800 ಮಿ.ಮೀ.ಗೆ ಸರಿಯಬಹುದು. ಆಗ 1500 ಕೆ.ಜಿ. ಸರಕು ಫೋರ್ಕಿನ ಬುಡವನ್ನು ಬಗ್ಗಿಸುವ ಬಲ, 600 ಮಿ.ಮೀ.ಯಲ್ಲಿಟ್ಟ 2000 ಕೆ.ಜಿ.ಗೆ ಸಮ. ತಿರುಗಿಸಿ ಇನ್ನೊಂದು ಬದಿಯಿಂದ ಎತ್ತಿದರೆ ಖರ್ಚಿಲ್ಲದೆ ಪರಿಹಾರವಾಗುತ್ತದೆ. ಆದರೆ ತಿರುಗಿಸಲು ಜಾಗ ಇರಬೇಕು, ಹೇಳಲು ಯಾರಾದರೂ ಇರಬೇಕು.

“2500 ಮಿ.ಮೀ. ಎತ್ತರಕ್ಕೆ 1500, 3000ಕ್ಕೆ 1200, 3500ಕ್ಕೆ 800 ಕೆ.ಜಿ.”

ಫಲಕದ ಪ್ರಾಣ ಈ ಸಾಲಿನಲ್ಲಿದೆ. ಇದನ್ನೇ ಅತಿ ಚಿಕ್ಕ ಅಕ್ಷರದಲ್ಲಿ ಕೊರೆದಿರುತ್ತಾರೆ ಎಂಬುದು ನನ್ನ ತಕರಾರು. 1500 ಎತ್ತುವ ಯಂತ್ರ ಮೇಲೆ ಹೋದಂತೆ ಏಕೆ ಸೋಲುತ್ತದೆ? ಅದರ ಪಂಪ್ ಸೋಲುವುದಿಲ್ಲ, ಎಡವಟ್ಟು ಅಲ್ಲೇ ಇರುವುದು. ಹೈಡ್ರಾಲಿಕ್ ಎಣ್ಣೆಯ ಒತ್ತಡ ಏರುವುದು ಭಾರಕ್ಕೆ, ಎತ್ತರಕ್ಕಲ್ಲ. ಅತಿಭಾರವಾದರೆ ಎಣ್ಣೆಯನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್‌ಗೂ ಎತ್ತರದ ಪರಿವೆ ಇಲ್ಲ. ಹಾಗಾಗಿ 800 ಮಾತ್ರ ಸಲ್ಲುವ ಜಾಗಕ್ಕೆ 1500 ಕೆ.ಜಿ.ಯೂ ಸಲೀಸಾಗಿ ಏರಬಹುದು. “ಎತ್ತಿತಲ್ಲ ಸಾರ್, ಏನಾಯ್ತು?” ಎನ್ನುವ ಆಪರೇಟರ್ ಸುಳ್ಳು ಹೇಳುತ್ತಿಲ್ಲ.

ಸೋಲುವುದು ಫೋರ್ಕನ್ನು ಏರಿಸುವ ಕಂಬ ಮತ್ತು ಯಂತ್ರದ ಬುಡದ ಅಗಲ. ಕಂಬ ಒಂದರೊಳಗೊಂದು ಜಾರುವ ಉಕ್ಕಿನ ತುಂಡುಗಳಿಂದಾಗಿದೆ. ಮೇಲೆ ಹೋದಂತೆ ರೋಲರ್‌ಗಳ ಸಡಿಲ, ಉಕ್ಕಿನ ಬಳುಕು ಎರಡೂ ಕೂಡಿಕೊಳ್ಳುತ್ತವೆ. ಬುಡವೋ ಬಹಳ ಕಿರಿದು. ಸ್ಟ್ಯಾಕರ್‌ಗೆ ಮುಂದೆ ಚಾಚಿದ ಕಾಲುಗಳಿರುವುದರಿಂದ ಅದು ಮುಗ್ಗರಿಸುವುದು ಕಡಿಮೆ, ಪಕ್ಕಕ್ಕೆ ಉರುಳುವ ಭಯವೇ ಹೆಚ್ಚು. ಚಕ್ರಗಳ ನಡುವಿನ 600 ಮಿ.ಮೀ. ಅಗಲದಲ್ಲಿ ನೆಲ ಒಂದು ಬದಿಗೆ 10 ಮಿ.ಮೀ. ತಗ್ಗಿದ್ದರೆ, 3 ಮೀಟರ್ ಮೇಲಿರುವ ಸರಕು 50 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕಿತ್ತುಹೋದ ಕಾಂಕ್ರೀಟಿನ ಗುಂಡಿಗೆ ಚಕ್ರ ಇಳಿದರೆ ಅಷ್ಟಾಯಿತು. ಎತ್ತಿಕೊಂಡು ಓಡಾಡಬೇಡಿ, ಒಂದು ಗೇಣಿಗಿಂತ ಕೆಳಗೆ ಇಳಿಸಿಕೊಂಡೇ ಸಾಗಿಸಿ ಎನ್ನುವುದು ಇದಕ್ಕೇ. ಫೋರ್ಕ್ ಮೇಲಿದ್ದಾಗ ತಾನಾಗಿ ನಿಧಾನವಾಗುವ ಯಂತ್ರಗಳೂ ಇವೆ.

“ಕಂಬದ ಎತ್ತರ: ಇಳಿಸಿದಾಗ 2300, ಏರಿಸಿದಾಗ 4000 ಮಿ.ಮೀ.”

ಕೆಲವರು ಇದನ್ನು ಫಲಕದಲ್ಲಿ ಹಾಕದೆ ಪುಸ್ತಿಕೆಗೆ ತಳ್ಳುತ್ತಾರೆ. ಮೊದಲ ಅಂಕಿಯನ್ನು ಶಟರ್ ಬಾಗಿಲಿಗೆ ಹೋಲಿಸಿಕೊಳ್ಳಿ, ಎರಡನೆಯದನ್ನು ಸ್ಪ್ರಿಂಕ್ಲರ್ ಕೊಳವೆಗೆ.

“ಬ್ಯಾಟರಿ: 24 ವೋಲ್ಟ್, 210 ಆಂಪಿಯರ್-ಅವರ್, ಕನಿಷ್ಠ ತೂಕ 180 ಕೆ.ಜಿ.”

ಮೊದಲ ಎರಡು ಅಂಕಿಗಳನ್ನು ಗುಣಿಸಿದರೆ ಸುಮಾರು 5 ಯೂನಿಟ್ ವಿದ್ಯುತ್ತು. ಒಂದು ಟನ್ನನ್ನು 3 ಮೀಟರ್ ಎತ್ತಲು ಭೌತಶಾಸ್ತ್ರ ಕೇಳುವುದು ಬರೀ 8 ವ್ಯಾಟ್-ಅವರ್. ಮತ್ತೆ ಚಾರ್ಜ್ ಎಲ್ಲಿ ಹೋಗುತ್ತದೆ? ಪಂಪಿನ ಬಿಸಿಗೆ, ಓಡಾಟಕ್ಕೆ. ಸರಕು ಇಳಿಯುವಾಗಲೂ ಹೆಚ್ಚಿನ ಸ್ಟ್ಯಾಕರ್‌ಗಳಲ್ಲಿ ಆ ಶಕ್ತಿ ಬ್ಯಾಟರಿಗೆ ಮರಳುವುದಿಲ್ಲ, ವಾಲ್ವ್‌ನಲ್ಲಿ ಎಣ್ಣೆ ಬಿಸಿಯಾಗಿ ಮುಗಿಯುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಶೇಕಡ 80ಕ್ಕಿಂತ ಹೆಚ್ಚು ಬರಿದು ಮಾಡಬಾರದು. ಊಟದ ಬಿಡುವಿನಲ್ಲಿ ಅಷ್ಟಿಷ್ಟು ಚಾರ್ಜ್ ಮಾಡುವ ಚಟ ಲಿಥಿಯಂಗೆ ಒಗ್ಗುತ್ತದೆ, ಇದಕ್ಕೆ ಒಗ್ಗುವುದಿಲ್ಲ. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಆದ ಮೇಲೆ ತುಂಬಬೇಕು. ಮೊದಲೇ ತುಂಬಿದರೆ ಆಸಿಡ್ ಉಕ್ಕಿ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದರಿಂದ ಅಲ್ಲಿ ಗಾಳಿ ಆಡಬೇಕು, ಬೀಡಿ ಹಚ್ಚಕೂಡದು.

ಬ್ಯಾಟರಿಯ ತೂಕಕ್ಕೆ ಕನಿಷ್ಠ ಮಿತಿ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರದ ಸಮತೋಲಕ್ಕೆ ಆ ಸೀಸದ ಭಾರವೂ ಬೇಕು. ಹಗುರ ಲಿಥಿಯಂ ಬ್ಯಾಟರಿ ಕೂರಿಸುವವರು ಕಡಿಮೆಯಾದ ತೂಕವನ್ನು ತಯಾರಕರನ್ನು ಕೇಳಿ ತುಂಬಿಕೊಳ್ಳಬೇಕು.

“ಸ್ವಂತ ತೂಕ, ಬ್ಯಾಟರಿ ಸಹಿತ: 900 ಕೆ.ಜಿ.”

ಇದು ಗೂಡ್ಸ್ ಲಿಫ್ಟ್ ಇರುವವರಿಗೆ. ಲಿಫ್ಟ್ 2 ಟನ್ನಿನದು, ಸರಕು 1200 ಕೆ.ಜಿ. ಎಂದಾದರೆ ಕೂಡಿ ನೋಡಿ.

ಈ ಫಲಕ ಪ್ಯಾಲೆಟ್ ಹೇಗಿರಬೇಕೆಂದು ಎಲ್ಲೂ ಹೇಳುವುದಿಲ್ಲ. ಸಾಮಾನ್ಯ ಸ್ಟ್ಯಾಕರಿನಲ್ಲಿ ಫೋರ್ಕಿನ ಅಡಿಯಲ್ಲೇ ಕಾಲುಗಳಿರುತ್ತವೆ. ಫೋರ್ಕ್ ಪ್ಯಾಲೆಟ್ಟಿನೊಳಗೆ ಹೋದಾಗ ಕಾಲೂ ಹೋಗುತ್ತದೆ. ಫೋರ್ಕ್ ಏಳುತ್ತದೆ, ಕಾಲು ನೆಲದಲ್ಲೇ ಉಳಿಯುತ್ತದೆ. ಪ್ಯಾಲೆಟ್ಟಿನ ತಳಕ್ಕೆ ಅಡ್ಡಹಲಗೆ ಇದ್ದರೆ ಅದು ಕಾಲಿಗೆ ಸಿಕ್ಕಿ ಕಿತ್ತುಬರುತ್ತದೆ. ಅಂಥ ಪ್ಯಾಲೆಟ್‌ಗಳೇ ಹೆಚ್ಚಿದ್ದರೆ ಕಾಲುಗಳು ಎರಡೂ ಬದಿಗೆ ಅಗಲವಾಗಿ ಚಾಚಿರುವ ಸ್ಟ್ರ್ಯಾಡಲ್ ಮಾದರಿ ಬೇಕಾಗುತ್ತದೆ. ಅದಕ್ಕೆ ರ್ಯಾಕಿನ ಕೆಳಸಾಲಿನ ಪ್ರತಿ ಪ್ಯಾಲೆಟ್ಟಿನ ಅಕ್ಕಪಕ್ಕ ಕಾಲಿಡುವಷ್ಟು ಜಾಗ ಬಿಡಬೇಕು. ರ್ಯಾಕ್ ಆಗಲೇ ಕೂರಿಸಿಯಾಗಿದ್ದರೆ, ಸ್ಟ್ಯಾಕರ್ ಮಾರುವವನ ಜೊತೆ ಮಾತಾಡುವ ಮುಂಚೆ ಟೇಪು ಹಿಡಿದು ಅಳೆಯುವುದು ಅಲ್ಲಿಂದಲೇ.